ಕೆಂಪು ಮುಗಿದ ಮಧ್ಯಾಹ್ನ

ಮಾರ್ಚ್ ತಿಂಗಳು. ಬೋಗಾದಿ ರಸ್ತೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ
ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ.
ಗಂಗೋತ್ರಿಯಿಂದ ನಿಖತ್ ಬಂದಳು, ಭೂಗೋಳದ ಎಂ.ಎಸ್ಸಿ.,
ಪೆನ್‌ಡ್ರೈವಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು.
"ಇಪ್ಪತ್ತು ಪುಟ ಕಲರ್ ಅಣ್ಣ. ನಾಲ್ಕಕ್ಕೆ ಕೊಡಬೇಕು."

ತೆರೆದೆ. ಎರಡು ದೇಶ.
ಗ್ರೀಸು ಕೆಂಪು, ಪೋರ್ಚುಗಲ್ಲು ಕಿತ್ತಳೆ.
ವರ್ಷಕ್ಕೊಂದು ಜೋಡಿ ಕಂಬ,
ಮದುವೆ ಫೋಟೋಕ್ಕೆ ನಿಂತ ಹಾಗೆ ಹೆಗಲಿಗೆ ಹೆಗಲು.
ಬುಡದಲ್ಲಿ ಸಣ್ಣಕ್ಷರ:
ಸುಟ್ಟ ಕಾಡು, ಸಾವಿರ ಹೆಕ್ಟೇರುಗಳಲ್ಲಿ.

"ಯಾರು ಗೆದ್ದರು?" ಅಂದೆ.
ಅವಳು ನಗಲಿಲ್ಲ.
"ಒಬ್ಬರು ಮರ ಸುಟ್ಟರೆ ಮಾತ್ರ ಬರೆದು
ಇನ್ನೊಬ್ಬರು ಪೊದೆ ಸುಟ್ಟರೂ ಬರೆದಿದ್ದರೆ?
ಆ ಅನುಮಾನಕ್ಕೇ ಒಂದು ಅಧ್ಯಾಯ ಹೋಯಿತು ಅಣ್ಣ."

ಏಳನೇ ಪುಟದವರೆಗೆ ಚೆನ್ನಾಗಿ ಉರಿಯಿತು.
ಎಂಟರಲ್ಲಿ ಕೆಂಪು ಸೊರಗಿತು.
ಒಂಬತ್ತರಲ್ಲಿ ಗ್ರೀಸೂ ಹಳದಿ, ಪೋರ್ಚುಗಲ್ಲೂ ಹಳದಿ,
ಯಾವುದು ಯಾವ ದೇಶವೆಂದು ಹೇಳಬೇಕಿದ್ದ
ಮೂಲೆಯ ಎರಡು ಚೌಕಗಳೂ ಹಳದಿ,
ಒಣಹುಲ್ಲಿನ ಹಳದಿ, ಬೆಂಕಿ ಬೀಳುವ ಹಿಂದಿನ ದಿನದ್ದು.

ಆ ಬಣ್ಣ ನನಗೆ ಗೊತ್ತು.

ಅಂತರಸಂತೆಯ ಆಚೆ ಕಾಡಂಚಿನ ಹಾಡಿ.
ಅಪ್ಪ ಬೊಳ್ಳ, ಫೈರ್ ವಾಚರ್,
ಜನವರಿಯಿಂದ ಮೇ ತನಕ ಸರ್ಕಾರದವನು,
ಮಿಕ್ಕ ಏಳು ತಿಂಗಳು ಯಾರೂ ಅಲ್ಲ.
ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುತ್ತಿದ್ದ
ಕಣದಲ್ಲಿ ಹುರುಳಿ ಬಡಿದ ಹಾಗೆ,
ಅದೇ ಲಯ, ಅದೇ ಬೈಗುಳ.
ರಾತ್ರಿ ಮನೆಗೆ ಬಂದರೆ ಹುಬ್ಬು ಇರುತ್ತಿರಲಿಲ್ಲ.
ಅವ್ವ ಬುಡ್ಡಿ ಎತ್ತಿ ಮುಖ ನೋಡಿ ಹೇಳುವಳು,
"ಇವತ್ತು ದೊಡ್ಡದೇಯ."
ನಮ್ಮ ಮನೆಯಲ್ಲಿ ಹೆಕ್ಟೇರು ಅಂದರೆ ಅದು.

ಒಂದು ವರ್ಷ ಮೂರು ಹಗಲು ಮೂರು ರಾತ್ರಿ.
ಅಪ್ಪ ಬೆರಳು ಮಡಿಸಿ ಲೆಕ್ಕ ಒಪ್ಪಿಸಿದ:
ಮತ್ತಿಮರದ ಹಳ್ಳದಿಂದ ಗುಡ್ಡದ ನೆತ್ತಿ,
ಅಲ್ಲಿಂದ ಹಂದಿಕಟ್ಟೆ, ಕಟ್ಟೆ ದಾಟಿ
ಜೇನು ಕಟ್ಟುತ್ತಿದ್ದ ಏಳೂ ಮರ.
ಗಾರ್ಡು ಹಾಗೇ ಬರೆದುಕೊಂಡ.
ಆಮೇಲೆ ಜೀಪು ಬಂತು. "ಇಷ್ಟು ಬರೆದರೆ
ಮೇಲೆ ಉತ್ತರ ಕೊಡೋರು ಯಾರಯ್ಯಾ?"
ಸಾಹೇಬರು ಬ್ಲೇಡಿನಲ್ಲಿ ಒಂದು ಸೊನ್ನೆ ಹೆರೆದರು,
ಮೆಲ್ಲಗೆ, ಕಾಗದ ಹರಿಯದ ಹಾಗೆ.
ಪುಡಿಯನ್ನು ಬಾಯಿಂದ ಊದಿದರು.

ಲಾಂದ್ರ ಹಿಡಿದಿದ್ದವನು ನಾನು.
ಓದು ಬಾರದ ಅಪ್ಪನಿಗೂ ಕಂಡಿತ್ತು ಸಾಲು ಗಿಡ್ಡವಾದದ್ದು.
ದಾರಿಯಲ್ಲಿ ಎಷ್ಟೋ ಹೊತ್ತಿನ ಮೇಲೆ ಅಂದ:
"ಬ್ಲೇಡಲ್ಲಿ ಆರೋ ಬೆಂಕಿಗೆ
ಮೂರು ದಿವ್ಸ ಸೊಪ್ಪು ಬಡಿದ್ನಲ್ಲೋ ಮಗ."

ನಿಖತ್‌ಗೆ ಇದನ್ನೆಲ್ಲ ಹೇಳಲಿಲ್ಲ. ಮೂರೂಕಾಲು ಆಗಿತ್ತು.
ಸರಸ್ವತಿಪುರಂಗೆ ಫೋನು ಮಾಡಿ ಕಾರ್ಟ್ರಿಡ್ಜ್ ತರಿಸಿದೆ.
ಹುಡುಗ ದಾರಿಯಲ್ಲಿ ಪೆಟ್ರೋಲು ಹಾಕಿಸಿಕೊಂಡು ಬಂದ, ಅವನಿಗೆ ಬೈದೆ.
ಎಂಟರಿಂದ ಮತ್ತೆ ಹೊಡೆದೆ.
ಕೆಂಪು ಕೆಂಪಾಯಿತು, ದೇಶಗಳು ಬೇರೆ ಬೇರೆಯಾದವು.
ಎಲ್ಲಿ ಯಾರ ಲಾಂದ್ರದ ಕೆಳಗೆ
ಈ ಕಂಬಗಳ ತಲೆ ಎಷ್ಟೆಷ್ಟು ಹೋಗಿತ್ತೋ.
"ಸ್ಪೈರಲ್ಲಾ, ಗಮ್ಮಾ?" ಎಂದು ಕೇಳಿದೆ.
"ಸ್ಪೈರಲ್," ಅಂದು ಗಡಿಯಾರ ನೋಡಿದಳು.

ಹಾಳಾದ ಎರಡು ಹಳದಿ ಪುಟಕ್ಕೆ ದುಡ್ಡು ಹಿಡಿಯಲಿಲ್ಲ,
ಎಸೆಯಲೂ ಇಲ್ಲ.
ಹಿಂಬದಿ ಖಾಲಿಯಿದೆ. ಅಲ್ಲೇ ಈಗ
ಗಿರಾಕಿಗಳ ಬಾಕಿ ಬರೆಯುತ್ತೇನೆ,
ಸೊನ್ನೆ ಬಂದಾಗ ಪೆನ್ನು ತುಸು ಒತ್ತಿ.