ನಾಮ

ಸರಸ್ವತಿಪುರಂನ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೇನೆ,
ಶಾಲೆಮಕ್ಕಳ ನಿಘಂಟು, ನಕಾರದ ಪುಟ.
ನಾಮ: ಒಂದು, ಹೆಸರು. ಎರಡು, ಹಣೆಯ ಗುರುತು.
ಮೂರರ ಮುಂದೆ ಜಾಗ ಖಾಲಿ ಬಿಟ್ಟು
ಪೆನ್ಸಿಲಿನಲ್ಲಿ ಕಂಪೋಸಿನವನು ಕೇಳಿದ್ದಾನೆ:
"ಮೇಡಂ, ನಿಮಗೆ ಬೇಜಾರಿಲ್ಲ ಅಂದ್ರೆ ಹಾಕ್ತೀನಿ."

ಬೇಜಾರೇನು ಬಂತು, ಹಾಕಪ್ಪ.
ಕಿಲಾಡಿ ಇರುವುದು ಆ ಹಾಕುವುದರಲ್ಲೇ.
ಅಣ್ಣ, ಅಂದರೆ ನಮ್ಮಪ್ಪ, ದಿನಾ ನಾಮ ಹಾಕಿಕೊಳ್ಳುತ್ತಿದ್ದ;
ಊರವರು ಒಬ್ಬರಿಗೊಬ್ಬರು ಹಾಕುತ್ತಿದ್ದರು.
"ಕೊಳ್ಳು" ಎಂಬ ಬಾಲ ಉದುರಿದರೆ ಸಾಕು
ಭಕ್ತ ಹೋಗಿ ಠಕ್ಕ ಬರುತ್ತಾನೆ.

ಮೇಲುಕೋಟೆಯ ನಡುಮನೆ. ಅಂಗೈ ಗುಳಿಯ ನೀರಲ್ಲಿ ತಿರುಮಣ್ಣು,
ಮೊಳೆಗೆ ತೂಗಿದ ಕನ್ನಡಿಯ ಒಡೆದ ಮೂಲೆ.
ಬಿಳಿ ಗೆರೆ ಎರಡು, ಕೈ ನಡುಗದೆ. ನಡುವೆ ಶ್ರೀಚೂರ್ಣ.
ಆಮೇಲೆ ಕಂಕುಳಿಗೆ ಚೀಟಿಯ ನೋಟ್‌ಬುಕ್ಕು:
ಹದಿನಾರು ಜನ, ತಿಂಗಳಿಗೆ ಇನ್ನೂರು.

ಒಂಬತ್ತನೆಯ ತಿಂಗಳು ಕೂಗಿ ಎತ್ತಿದವನು
ಸೈಕಲ್ ಶಾಪಿನ ಚೆಲುವ. ಎತ್ತಿಕೊಂಡು, ಹೋದ.
ಪಾಂಡವಪುರದಲ್ಲಿ ಕಂಡ ಅಂದರು, ಮದ್ದೂರಲ್ಲಿ ಅಂದರು,
ಎತ್ತಿದ್ದವರೆಲ್ಲ ಕಟ್ಟುವುದು ನಿಲ್ಲಿಸಿದರು.
ನಮ್ಮ ಗೋಡೆಗೆ ಇದ್ದಿಲಲ್ಲಿ ಯಾರೋ
ಮೂರು ಗೆರೆ ಎಳೆದಿದ್ದರು. ಅಕ್ಷರ ಬೇಕಿರಲಿಲ್ಲ.
ಲೆಕ್ಕದ ಮೇಷ್ಟರೂ ನಕ್ಕರು.
ಅಮ್ಮ ಒರೆಸಲು ಹೋದಳು. ಅಣ್ಣ ಅಂದ,
"ಇರಲಿ ಬಿಡು, ಕೈ ನೇರವಾಗಿದೆ."

ಹಂಡೆ ಹೋಯಿತು, ಅಮ್ಮನ ಓಲೆ ಹೋಯಿತು.
ಎಲ್ಲರ ದುಡ್ಡೂ ಕೊಟ್ಟ ಅಂತ ಬರೆದರೆ ಚೆಂದ,
ಬರೆಯಲಾರೆ. ವೀಳ್ಯದೆಲೆ ಮಾರುವ ನಿಂಗಾಜಮ್ಮನದು
ಸಾವಿರದ ಆರುನೂರು ಉಳಿಯಿತು.
ಅಣ್ಣ ಅವಳ ಬೀದಿ ಬಿಟ್ಟ. ಕಲ್ಯಾಣಿಗೆ
ಸುತ್ತುದಾರಿ ಹಿಡಿದ, ಹದಿಮೂರು ವರ್ಷ,
ಹಣೆಯಲ್ಲಿ ಅದೇ ಗೆರೆ, ಅಷ್ಟೇ ನೇರ.

ಅವನು ಹೋದ ಮೇಲೆ ಕವರಿನಲ್ಲಿ ಒಯ್ದೆ.
ಬೆರಳಿಗೆ ಎಂಜಲು ಹಚ್ಚಿ ಎರಡು ಸಲ ಎಣಿಸಿದಳು.
"ಬಡ್ಡಿ?" ಅಂದಳು. ಕೊಟ್ಟೆ. ಸೆರಗಿಗೆ ಗಂಟು ಬಿದ್ದಮೇಲೆ,
"ನಿಮ್ಮಪ್ಪಾರು ನಂಗೆ ನಾಮ ಆಕುದ್ರು ಅಂತ
ನಾನನ್ನಕಿಲ್ಲ ಕನವ್ವ. ನಾಮ ಆಕೋನು
ನಗ್ತಾ ನಗ್ತಾ ಎದುರ್ಗೇ ಬತ್ತಾನೆ.
ಇವ್ರು ನನ್ ಕಂಡ್ರೆ ಬ್ಯಾರೆ ಬೀದಿಗೆ ವೋಯ್ತಿದ್ರು.
ಅದ್ಕೆ ಬ್ಯಾರೆ ಮಾತದೆ. ಈಗ ಗ್ಯಾಪ್ಕಕ್ಕೆ ಬರಾಕಿಲ್ಲ."

ಮೂರು, ಎಂದು ಬರೆದೆ: ಮೋಸ, ವಂಚನೆ; ಪಂಗನಾಮ ನೋಡಿ.
ನಾಲ್ಕು, ಎಂದು ಅಂಕಿ ಹಾಕಿ ಕೂತೆ.
ಪುಟ ಒಯ್ಯುವ ಹುಡುಗ ಬಾಗಿಲಲ್ಲಿ ನಿಂತಿದ್ದ.
ಅಂಕಿಯನ್ನು ಹೊಡೆದುಹಾಕಿ ಕೊಟ್ಟೆ.