ನಾ ಹೇಳದ ಬಿಟ್ಟಿದ್ದು

ಮಡಗಾಂವದ ದವಾಖಾನಿಯಾಗ ನನ್ನ ಕೆಲಸ
ನೆಲ ಒರಸೋದು. ಮಾತಾಡೋದಲ್ಲ.
ಆದ್ರ ನಸುಕಿನ ನಾಕಕ್ಕ
ನಾಲ್ಕು ಮಂದಿ ಚಾದರದಾಗ ಹೊತ್ತು ತಂದ್ರು ಒಬ್ಬ ಹುಡುಗನ್ನ,
ಹಿಂದ ಓಡಿ ಬಂದಾಕಿ "ಯಪ್ಪಾ, ಯಪ್ಪಾ" ಅಂದ್ಲು.
ಫುರ್ತಾದೊ ಡಾಕ್ಟರಬಾಯಿ, ನನ್ನ ಮಗಳ ವಯಸ್ಸಿನಾಕಿ,
ನನ್ನ ಬಕೀಟಿನ ಕಡೆ ತಿರುಗಿ "ಕಾನಡಿ?" ಅಂದ್ಲು.
ಒರಸೋ ಕೋಲು ಗ್ವಾಡಿಗೆ ಆನಿಸಿದೆ.

ಹೆಸರು ಮೈಲಾರಪ್ಪ. ಇಪ್ಪತ್ತೇಳು.
ಕುಟಬಣ ಜೆಟ್ಟಿಯಾಗ ಬರಫದ ಪೆಟಗಿ ಹೊರಾಂವ,
ಒಂದೊಂದು ಐವತ್ತು ಕಿಲೋ. ನಿನ್ನಿತನಕ ಹೊತ್ತಾನ.
ರಾತ್ರಿ ತಮ್ಮೂರವರ ಕೂಸಿನ ತೊಟ್ಟಲಾ.
ಹೋಳಿಗಿ ಎಷ್ಟು ತಿಂದಿ ಅಂದ್ರ
ಲೆಕ್ಕಿಲ್ಲ ಅಂತಾನ, ನಗತಾನ,
ನಾಲಿಗಿ ನೆಟ್ಟಗೈತಿ, ಕಣ್ಣು ನೆಟ್ಟಗದಾವ,
ಟೊಂಕದ ಕೆಳಗ ಮಾತ್ರ
ಯಾರದೋ ಎರಡು ಕಾಲು ತಂದು ಜೋಡಿಸಿಟ್ಟಂಗ.

ಚಿವುಟಿದ್ರ ಗೊತ್ತಾಕ್ಕತಿ. ಎತ್ತು ಅಂದ್ರ ಏಳಂಗಿಲ್ಲ.
ಡಾಕ್ಟರಬಾಯಿ ಮೊಣಕಾಲಿಗೆ ಸಣ್ಣ ಸುತ್ತಿಗಿ ಬಡದ್ಲು.
ಮಾಲಕ ಊರಿಗೆ ಹೋದ ಅಂಗಡಿ ಬಾಗಲಾ ಬಡದಂಗಾತು.
"ಕುಡದಾನ" ಅಂದ ಸ್ಟ್ರೆಚರಿನ ಮಿಂಗೆಲ್.
"ಗಾಳಿ ಸೋಕೇತ್ರಿ" ಅಂದ್ಲು ಹೆಂಡತಿ, ಕಸ್ತೂರೆವ್ವ,
"ನಮ್ಮೂರ ಗಾಳಿ ಅಲ್ಲ, ಸಮುದ್ರದ್ದು."
ಇದನ್ನ ಹ್ಯಾಂಗ ಹೇಳಲಿ? ಹೇಳಿದೆ.
ಡಾಕ್ಟರಬಾಯಿ ನಗಲಿಲ್ಲ.

ಕೈ ನಡಗತಾವೇನು?
ಚಾ ಬಸಿತುಂಬ ಚೆಲ್ತಾನ್ರಿ.
ತೂಕ ಇಳದೇತೇನು?
ಎರಡಾಳಿನ ಊಟ ಉಣ್ತಾನ, ಲುಂಗಿ ಟೊಂಕಕ್ಕ ನಿಂದ್ರವಲ್ದು.
ಸೆಕಿ?
ಡಿಸೆಂಬರಿನ್ಯಾಗ ಬರಫದ ತುಂಡು
ಎದಿಗೆ ಅವಚಿಕೊಂಡು ಮಲಗಾಂವ್ರಿ.
ಮತ್ತ?

ಮತ್ತ ಆಕಿ ದನಿ ಸಣ್ಣ ಮಾಡಿದ್ಲು, ನನಗಷ್ಟ ಕೇಳೂವಂಗ:
"ಸಿಟ್ರೀ, ಅಕ್ಕಾರ. ಆರು ತಿಂಗಳಾತು.
ಉಪ್ಪು ಹೆಚ್ಚಾದ್ರ ತಾಟು ಬೀಸತಾನ.
ಕೂಸು ಅತ್ರ ಗ್ವಾಡಿಗೆ ಗುದ್ದತಾನ.
ಬರೂ ಸೋಮವಾರ ಹುಬ್ಬಳ್ಳಿ ಗಾಡಿಗೆ ಟಿಕೆಟ್ ತಗಸೇನಿ,
ನನಗ, ಕೂಸಿಗೆ.
ಅವಗ ಗೊತ್ತಿಲ್ಲ. ಹೇಳಬ್ಯಾಡ್ರಿ."

ಡಾಕ್ಟರಬಾಯಿ ಪೆನ್ನು ಹಿಡಕೊಂಡು ನನ್ನ ಮಾರಿ ನೋಡಾಕ ಹತ್ತಿದ್ಲು.
ಅಷ್ಟುದ್ದ ಮಾತಿಗೆ
ನಾ ಕೊಂಕಣಿಯಾಗ ಒಂದ ಶಬ್ದ ಕೊಟ್ಟೆ: ರಾಗ್.
ಬರಕೊಂಡ್ಲು. ಅಡಿಗೆ ಗೆರಿ ಎಳದ್ಲು.
ಆಮ್ಯಾಲ ತಲಿದಿಂಬಿನ ಕಡೆ ನಿಂತು
ಎರಡೂ ಕೈ ಅವನ ಕೊರಳಿಗಿಟ್ಟು "ನುಂಗು" ಅಂದ್ಲು,
ಹಣ್ಣು ಮಾಗೇತೋ ಇಲ್ಲೋ ನೋಡೋರಂಗ.

ಥೈರಾಯ್ಡ್.
ರಕ್ತದ ಚೀಟಿ ಬಂತು. ಪೊಟ್ಯಾಶಿಯಂ ಒಂದು ಪಾಯಿಂಟ್ ಒಂಬತ್ತು.
ನನಗ ತಿಳದಷ್ಟು ಕಸ್ತೂರೆವ್ವಗ ಹೇಳಿದೆ:
ಕೊರಳಾಗಿನ ಗ್ರಂಥಿ ಮೈಯಾಗ ಉರಿ ಹೆಚ್ಚು ಮಾಡೇತಿ,
ಸಿಹಿ ಉಂಡು ಮಲಗಿದಾಗ ರಕ್ತದಾಗಿನ ಒಂದು ಉಪ್ಪು
ಖಂಡದೊಳಗ ಹೊಕ್ಕು ಕದಾ ಹಾಕ್ಕೊಂಡೇತಿ.
ಕಾಲು ಬರತಾವ.
ಆದ್ರ ಎದಿಬಡತದ ಗೆರಿ ಡೊಂಕಾಗ್ಯಾವ,
ಬಾಟಲಿ ಹನಿಹನಿನ ಬೀಳಬೇಕು,
ಅವಸರ ಮಾಡಿದ್ರ ಎದಿ ನಿಂತೀತು.

"ಕೈಯಾಗ ಬೆಂಕಿ ಹರದಂಗಾಗತೈತಿ" ಅಂದ ಮೈಲಾರಪ್ಪ.
ಅದನ್ನೂ ಹೇಳಿದೆ. ಆಕಿ ಹನಿ ಇನ್ನೂ ನಿಧಾನ ಮಾಡಿದ್ಲು.

"ಸಿಟ್ಟೂ ಅದರದ ಏನ್ರಿ?" ಕಸ್ತೂರೆವ್ವ ಕೇಳಿದ್ಲು.
ಡಾಕ್ಟರಬಾಯಿ ಅಂದ್ಲು: ಇರಬಹುದು.
ಹೌದು ಅಂತ ತಿರುವಿ ಹೇಳಾಕ ನಾಲಿಗಿ ತುದಿತನಕ ಬಂದಿತ್ತು.
ಇರಬಹುದು, ಅಂತನ ಹೇಳಿದೆ.

ನನ್ನ ಗಂಡನ ಕೊರಳು ಯಾರೂ ಮುಟ್ಟಿ ನೋಡಲಿಲ್ಲ.
ಇಪ್ಪತ್ತೆರಡು ವರ್ಷ.
ನಾನೂ ನೋಡಲಿಲ್ಲ.
ಎತ್ತಿದ ಕೈ ಕಾಣೂವಾಗ ಕೊರಳು ಎಲ್ಲಿ ಕಾಣತೈತಿ.

ಏಳಕ್ಕ ಪಾಳಿ ಮುಗೀತು. ಬಕೀಟು ಎತ್ತಿದಾಗ
ಚಾದರದ ತುದಿಗೆ ಎಡಗಾಲಿನ ಹೆಬ್ಬೆಟ್ಟು
ಒಮ್ಮೆ ಆಕಡೆ, ತಡದು, ಒಮ್ಮೆ ಈಕಡೆ.
"ಅಕ್ಕಾರ, ನೋಡ್ರಿ" ಅಂದ ಅಂವ, ಕೂಸಿನಂಗ.

ಕಸ್ತೂರೆವ್ವ ಹೊರಗ ಬಾಕಿನ ಮ್ಯಾಲ.
ಸೆರಗಿನ ಗಂಟು ಬಿಚ್ಚಿ ಟಿಕೆಟ್ ತಗದು
ಓದಾಕ ಬರದಾಕಿ ನನ್ನ ಕೈಗೆ ಕೊಟ್ಲು.
"ಇದು ಸೋಮವಾರದ್ದ ಹೌದಲ್ರಿ?"
ಅಂಕಿ ನೋಡಿದೆ. ಎರಡು ಸಲ ನೋಡಿದೆ.
ಹೌದು, ಅಂದೆ.
ಬಕೀಟಿನ ನೀರು ಚೆಲ್ಲಾಕ ಹ್ವಾದೆ.