ಮೊಣಕಾಲಿಗೆ ಬಂದ ಕಾಗದ

ಇಪ್ಪತ್ತಾರು ವರುಷ ಈ ಯೆಲ್ ದ್ವೀಪದಲ್ಲಿ
ಅಂಚೆ ಹಂಚಿದವಳು ನಾನು, ಓಸ್ಲಾ.
ಮರವಿಲ್ಲದ ನೆಲ. ಗಾಳಿಗೆ ಒರಗಬೇಕೆನಿಸಿದರೆ
ನಾನೊಬ್ಬಳೇ ಸಿಗುತ್ತಿದ್ದೆ.
ಮಳೆಗೆ ಶಾಯಿ ಕರಗಿದ್ದರೂ
ಯಾರ ಕಾಗದ ಯಾರ ಬಾಗಿಲಿಗೆಂದು
ಅಕ್ಷರದ ಬಾಲ ನೋಡಿ ಹೇಳುತ್ತಿದ್ದೆ.

ನನ್ನದೇ ನೋವಿನ ವಿಳಾಸ ಓದಲಾಗಲಿಲ್ಲ.

ಅದು ಮೊದಲು ಬಂದದ್ದು ಮೊಣಕಾಲಿಗೆ,
ಎಡಗಾಲಿನ ಒಳಮಗ್ಗುಲಿಗೆ,
ವ್ಯಾನಿನಿಂದ ಇಳಿಯುವ ಹೊತ್ತಿಗೆ.
ಎರಡು ಚಳಿಗಾಲ ಅದಕ್ಕೇ ಮುಲಾಮು ತಿಕ್ಕಿದೆ,
ಉಣ್ಣೆಪಟ್ಟಿ ಸುತ್ತಿದೆ, ಬಾಯಿಗೆ ಬಂದಂತೆ ಬೈದೆ.
ಟಗರಿಗೆ ಜ್ವರ, ಕುರಿಗೆ ಬರೆ.
ಪಾಪದ ಮಂಡಿ. ಒಂದು ಮಾತಾಡಲಿಲ್ಲ.

ಆಮೇಲೆ ಕಾಲುಚೀಲ.
ಒಂದು ಬೆಳಿಗ್ಗೆ ಕೈಗೂ ಪಾದಕ್ಕೂ ನಡುವೆ
ಒಂದು ಗೇಣು ಸಮುದ್ರ ಬಿತ್ತು.
ಹಬ್ಬದ ಹೊತ್ತಿಗೆ ಎರಡು ಗೇಣು.
ಐವತ್ತೊಂಬತ್ತು ವರುಷ ನನ್ನದೇ ಆಗಿದ್ದ ಪಾದ
ಆಚೆ ದಡದ ಊರಾಯಿತು.
ದೀಪ ಕಾಣುತ್ತದೆ, ದೋಣಿ ಇಲ್ಲ.

ಲರ್ವಿಕ್ಕಿನ ಡಾಕ್ಟರು, ನನ್ನ ಸೊಸೆಯ ವಯಸ್ಸಿನವಳು,
ಮಂಡಿಯನ್ನು ಒತ್ತಿಯೂ ನೋಡಲಿಲ್ಲ.
ಮಲಗಿಸಿ, ಕಾಲು ಮಡಿಸಿ, ಪಾದವನ್ನು ಮೆಲ್ಲಗೆ ಹೊರಕ್ಕೆ ಸರಿಸಿದಳು,
ಗೇಟಿನ ತಿರುಗಣಿ ಪರೀಕ್ಷಿಸುವವರ ಹಾಗೆ.
ತೊಡೆಸಂದಿನಲ್ಲಿ ಸಿಡಿಲು!
ನನ್ನ ಬಾಯಿಂದ ಬಂದದ್ದು
ನಮ್ಮಜ್ಜಿ ದೋಣಿಯವರಿಂದ ಕಲಿತ ಬೈಗುಳ.
"ಸೊಂಟದ ಕೀಲು," ಎಂದಳು ಅವಳು, ನಗು ಹತ್ತಿಕ್ಕಿ,
"ನರದ ದಾರಿ ಒಂದೇ. ಕೆಡುಕು ಮೇಲಿನ ಮನೆಯಲ್ಲಿ,
ಬಾಗಿಲು ತಟ್ಟುವುದು ಕೆಳಗಿನ ಮನೆಯಲ್ಲಿ."

ಎಕ್ಸ್‌ರೇ ತೋರಿಸಿದಳು.
ಬಲಗಡೆ ಚೆಂಡಿಗೂ ಬಟ್ಟಲಿಗೂ ನಡುವೆ ಒಂದು ಕಪ್ಪು ಗೆರೆ,
ಬಾಗಿಲಡಿಯ ಸಂದಿನಷ್ಟು. ಕಾಗದ ತೂರಿಸಬಹುದು.
ಎಡಗಡೆ ಗೆರೆಯಿಲ್ಲ. ಎಲುಬಿಗೆ ಎಲುಬು,
ಅಂಚಿನಲ್ಲಿ ಬಂಡೆಚಿಪ್ಪಿನಂಥ ಮುಳ್ಳು.
ತೆಳ್ಳನೆ ನೀಲಿ ಹಾಳೆ ಕೂಡ
ಹೋಗುವಂತಿರಲಿಲ್ಲ.

ಹೊಸ ಕೀಲು ಅಬರ್ಡೀನಿನಲ್ಲಿ,
ರಾತ್ರಿ ಹಡಗಿನಾಚೆ.
ಹದಿನಾಲ್ಕು ತಿಂಗಳೆಂದರು, ಆಮೇಲೆ ಹದಿನೆಂಟೆಂದರು,
ಆಮೇಲೆ ಫೋನಿನಲ್ಲಿ ಪಿಟೀಲು ಹಾಕಿ ಕೂರಿಸಿದರು.

ಕಾಯುವುದನ್ನೂ ಕಲಿಯಬೇಕು.
ಕೋಲು ನೋಯುವ ಕಡೆಗಲ್ಲ, ಎದುರು ಕೈಗೆ.
ಮಲಗುವಾಗ ಮಂಡಿಗಳ ನಡುವೆ ದಿಂಬು,
ಜಗಳಗಂಟ ಮಕ್ಕಳ ನಡುವೆ ಮಲಗಿದ ತಾಯಿಯಂತೆ.
ಮೂರು ಗಂಟೆಗೆ ಎಚ್ಚರ. ಮಗ್ಗುಲು ಬದಲಿಸುವುದಕ್ಕೆ
ಒಂದು ಮೀಟಿಂಗು ಕರೆಯಬೇಕು ಮೈಯೊಳಗೆ,
ಎಲ್ಲರೂ ಒಪ್ಪಬೇಕು.

ಪಕ್ಕದ ಗಿಬ್ಬಿ ಬಂದು, ಕೇಳದೆ,
ಕುರ್ಚಿಯ ಕಾಲಿಗೆ ಮೀನುಪೆಟ್ಟಿಗೆಯ ಹಲಗೆ ಹೊಡೆದು ಎತ್ತರಿಸಿದ.
ಹಳೆಯ ಸೂರುಕೊಳವೆ ಸೀಳಿ, ಹಗ್ಗ ಕಟ್ಟಿ,
ಕಾಲುಚೀಲ ಏರಿಸುವ ಯಂತ್ರ ಮಾಡಿದ.
ಇಪ್ಪತ್ತಾರು ವರುಷ ಅವನ ಬಾಗಿಲಿಗೆ
ಬಿಲ್ಲು, ಬೀಜದ ಪಟ್ಟಿ, ಒಮ್ಮೆ ಹೆಂಡತಿಯ ಸಾವಿಗೆ ಬಂದ ಸಾಂತ್ವನ,
ಎಲ್ಲ ಹಾಕಿದ್ದೇನೆ;
"ಗಾಳಿ ಜೋರು" ಎಂಬುದರಾಚೆ ಮಾತು ಬೆಳೆಸಿದವನಲ್ಲ.

ಒಂದು ಭಾನುವಾರ ನನ್ನ ಪಾದ ನೋಡಿದ.
ಉಗುರು ಬೆಳೆದು, ಬಾಗಿ, ಕಾಲುಚೀಲ ಹರಿದಿತ್ತು.
ನಾಚಿಕೆಯಿಂದ ಕಂಬಳಿ ಎಳೆದುಕೊಂಡೆ.
ಅವನು ಹೊರಗೆ ಹೋಗಿ
ಕುರಿಯ ಗೊರಸು ಕತ್ತರಿಸುವ ಕತ್ತರಿ ತಂದ,
ಬಿಸಿನೀರಿನಲ್ಲಿ ಎರಡು ಸಲ ತೊಳೆದ.
"ಒದೆಯಬೇಡ," ಎಂದ.
ಒದೆಯುವ ಕಾಲಾಗಿದ್ದರೆ ನೀನೇಕೆ ಬೇಕಿತ್ತು ಮಹರಾಯ.
ಹತ್ತು ಬೆರಳು. ಹತ್ತು ಟಕ್ಕು.
ಹೊರಗೆ ಗಾಳಿ ಜೋರಿತ್ತು, ಇಬ್ಬರೂ ಹೇಳಲಿಲ್ಲ.

ಅಬರ್ಡೀನಿನ ಲಕೋಟೆ ಬಂದದ್ದು ಅಕ್ಟೋಬರಿನಲ್ಲಿ.
ಹೊಸ ಅಂಚೆ ಹುಡುಗ ಅದನ್ನು ಗಿಬ್ಬಿಯ ಮನೆಗೆ ಹಾಕಿದ್ದ.
(ನನ್ನ ಕೈಕೆಳಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.)
ಗಿಬ್ಬಿ ಕೊರಡು ಬೇಲಿ ದಾಟಿ ತಂದುಕೊಟ್ಟ,
ಅಂಗಿಯೊಳಗೆ, ಒದ್ದೆಯಾಗದಂತೆ.
ನವೆಂಬರ್ ಇಪ್ಪತ್ತೊಂದು. ಬೆಳಿಗ್ಗೆ ಏಳೂವರೆ. ಬರಿಹೊಟ್ಟೆ.

"ತೆಗೆದ ಮೂಳೆ ನಿನಗೇ ಕೊಡ್ತಾರಾ?" ಕೇಳಿದ.
"ಕೇಳಿಲ್ಲ."
ಸ್ವಲ್ಪ ಹೊತ್ತು ನಾಯಿಯ ಬೆನ್ನು ಸವರುತ್ತ ಕೂತ.
ಆಮೇಲೆ ಎದ್ದು, ಟೋಪಿ ಹಾಕಿಕೊಂಡು,
ನನ್ನ ಮುಖ ನೋಡದೆ, ಕೆಳಗೆ ನೋಡಿ ಹೇಳಿದ:
"ಹೋಗೋ ಮುಂಚೆ ಇನ್ನೊಂದು ಸಲ
ಉಗುರು ತೆಗೀಬೇಕು."